ಗೇಯನಾಟಕದ ಸುಧಾರಣೆಯಲ್ಲಿ ಕವಿಯ ಸ್ಥಾನ: ಕಾಲ್ಸಬೀಜಿ ಮತ್ತು ಶಾಂತಕವಿಗಳು

೧

ಮಲಪ್ರಭೆಯ ಬಯಲಿನ ನರಗುಂದದಿಂದ ಮೊದಲಾಗಿ, ರೋಣದ ಎರೆಹೊಲಗಳನ್ನು ದಾಟಿ, ಗಜೇಂದ್ರಗಡದ ಗುಡ್ಡದ ಸಾಲಿನವರೆಗೆ ಹಬ್ಬಿರುವ ನಾಡು ಬಹುಕಾಲದಿಂದ ಹಾಡಿಗೂ ಆಟಕ್ಕೂ ಮನಸೋತ ನಾಡು. ಸುಗ್ಗಿ ಮುಗಿದು ಜಾತ್ರೆಗಳು ಸಮೀಪಿಸಿದುವೆಂದರೆ ಹಳ್ಳಿಗಳಲ್ಲಿ ನಾಟಕದ ತಾಲೀಮು ಪ್ರಾರಂಭವಾಗುವುದೂ, ಪೇಟಿ ಮಾಸ್ತರನು ಊರ ಯುವಕರನ್ನು ಕೂಡಿಸಿ ಹಾಡು ಕಲಿಸುವುದೂ ಇಲ್ಲಿಯ ವಾಡಿಕೆ. ಆಟ ಮುಗಿದ ಮರುದಿನ ಕಟ್ಟೆಯ ಮೇಲೆ ಕುಳಿತವರು ಯಾರ ಕಂಠ ಹೇಗಿತ್ತು, ಯಾವ ಮಟ್ಟು ಸಭೆಗೆ ಹಿಡಿಸಿತು ಎಂಬುದನ್ನು ಚರ್ಚಿಸುವರು. ಆ ಹಾಡನ್ನು ಬರೆದವರಾರೆಂದು ಕೇಳುವವರು ವಿರಳ.

ಇದಕ್ಕೆ ಜನರ ಅನಾದರವೊಂದೇ ಕಾರಣವಲ್ಲ. ರಂಗಗೀತದ ಸ್ವಭಾವವೂ ಕಾರಣ. ೧೯೨೨ರಲ್ಲಿ ರೋಣದಲ್ಲಿ ಜನಿಸಿದ ಭೀಮಸೇನ ಜೋಶಿಯವರು ದಾಸರ ಪದವೊಂದನ್ನು ಹಾಡಿದಾಗ ಕೇಳುವವರ ಮನಸ್ಸು ಗಾಯಕರ ಕಂಠದಲ್ಲಿಯೇ ನೆಲೆಸುವುದು ಸಹಜವಾದರೂ, ಪದದ ಕೊನೆಯಲ್ಲಿ ಬರುವ ಅಂಕಿತವು ಅದರ ಕರ್ತೃವನ್ನು ಪ್ರತಿಸಲವೂ ನೆನಪಿಗೆ ತಂದುಕೊಡುತ್ತದೆ. ಬಯಲಾಟದ ಪದಗಳಲ್ಲಿಯೂ, ಅವನ್ನು ಕಥೆಯ ಹೊರಗೆ ನಿಂತ ಭಾಗವತನು ಹಾಡುವುದರಿಂದ, ಕವಿಯ ಅಂಕಿತಕ್ಕೆ ಎಡೆಯುಂಟು. ಆದರೆ ಪಾತ್ರವೇ ಸ್ವತಃ ಹಾಡತೊಡಗಿದ ಮೇಲೆ ಆ ಎಡೆ ಇಲ್ಲವಾಗುತ್ತದೆ. ಬಾಣಾಸುರನ ಮಗಳಾದ ಉಷೆ ತನ್ನ ವಿರಹವನ್ನು ಹೇಳಿಕೊಳ್ಳುವಾಗ ನಡುವೆ ಕವಿಯು ತನ್ನ ಹೆಸರನ್ನು ಸೇರಿಸುವಂತಿಲ್ಲ. ರಂಗದ ಮೇಲೆ ಪಾತ್ರವು ನಿಜವೆನಿಸಬೇಕಾದರೆ ಕವಿ ಮರೆಯಾಗಬೇಕು; ಮರೆಯಾದ ಕವಿಯನ್ನು ಲೋಕವು ಮರೆಯುವುದು ಅದರ ಮುಂದಿನ ಹೆಜ್ಜೆ.

ಹಾಗಾದರೆ ಹಾಡಿನಿಂದ ಕೂಡಿದ ನಾಟಕದ ನಿಜವಾದ ಕರ್ತೃ ಯಾರು? ಮಾತನ್ನು ಬರೆದವನೋ, ಸ್ವರವನ್ನು ಕೂಡಿಸಿದವನೋ, ಹಾಡಿದವನೋ? ಅಂತಹ ನಾಟಕವು ಕೆಟ್ಟು ಸುಧಾರಣೆಯನ್ನು ಬೇಡಿದಾಗ ಆ ಸುಧಾರಣೆ ಇವರಲ್ಲಿ ಯಾರಿಂದ ಮೊದಲಾಗುವುದು? ಗದಗ ಸೀಮೆಯ ರಂಗಭೂಮಿಯಲ್ಲಿ ಈ ಪ್ರಶ್ನೆಯು ಶಾಂತಕವಿಗಳ ಹೆಸರಿನೊಡನೆ ಹೆಣೆದುಕೊಂಡಿದೆ. ಅವರ ಕಾರ್ಯವನ್ನು ಅಳೆಯುವುದಕ್ಕೆ ಮುನ್ನ, ಇದೇ ಪ್ರಶ್ನೆಯು ಪತ್ರಗಳ ಮೂಲಕವೂ ಪೀಠಿಕೆಗಳ ಮೂಲಕವೂ ಬಹಿರಂಗವಾಗಿ ಚರ್ಚೆಗೊಂಡ ಒಂದು ನಿದರ್ಶನವನ್ನು ನೋಡುವುದು ಉಪಯುಕ್ತ. ಅದು ಹದಿನೆಂಟನೆಯ ಶತಮಾನದ ವಿಯೆನ್ನಾ ನಗರದಲ್ಲಿ ನಡೆದ ಆಪೆರಾ ಸುಧಾರಣೆ. ಅದರಲ್ಲಿ ಸ್ವರಸಂಯೋಜಕನಾದ ಗ್ಲುಕ್ಕನ ಹೆಸರು ಜಗತ್ಪ್ರಸಿದ್ಧವಾಯಿತು. ಕವಿಯಾದ ರಾನಿಯೇರಿ ದೆ ಕಾಲ್ಸಬೀಜಿಯ ಹೆಸರು ಸಂಗೀತೇತಿಹಾಸದ ಪುಸ್ತಕಗಳಲ್ಲಿ ಮಾತ್ರ ಉಳಿಯಿತು.

೨

ಆಪೆರಾ ಎಂಬುದು ಆದ್ಯಂತವಾಗಿ ಹಾಡಲ್ಪಡುವ ನಾಟಕ. ಇತಾಲಿಯ ಫ್ಲಾರೆನ್ಸ್ ನಗರದ ವಿದ್ವಾಂಸರು ಪ್ರಾಚೀನ ಗ್ರೀಕ್ ನಾಟಕವನ್ನು ಮರಳಿ ಬದುಕಿಸಬೇಕೆಂದು ಹದಿನಾರನೆಯ ಶತಮಾನದ ಅಂತ್ಯದಲ್ಲಿ ಮಾಡಿದ ಪ್ರಯತ್ನದಿಂದ ಇದು ಹುಟ್ಟಿತು. ಇದರ ಸಾಹಿತ್ಯಭಾಗಕ್ಕೆ ಲಿಬ್ರೆತ್ತೋ ಎಂದು ಹೆಸರು. ‘ಚಿಕ್ಕ ಪುಸ್ತಕ’ ಎಂದು ಆ ಶಬ್ದದ ಅರ್ಥ. ಹುಟ್ಟಿದ ಕಾಲದಲ್ಲಿ ಮಾತಿಗಾಗಿ ಸಂಗೀತವೆಂಬುದು ಅದರ ತತ್ತ್ವವಾಗಿತ್ತು. ನೂರು ವರ್ಷಗಳು ಕಳೆಯುವುದರೊಳಗೆ ಈ ಸಂಬಂಧವು ತಲೆಕೆಳಗಾಯಿತು.

ಹದಿನೆಂಟನೆಯ ಶತಮಾನದ ಗಂಭೀರ ಆಪೆರಾಕ್ಕೆ ಖಚಿತವಾದ ರೂಪವನ್ನು ಕೊಟ್ಟವರು ಇಬ್ಬರು ಕವಿಗಳು. ಮೊದಲನೆಯವನು ೧೭೧೮ರಿಂದ ೧೭೨೯ರವರೆಗೆ ವಿಯೆನ್ನಾದ ಆಸ್ಥಾನಕವಿಯಾಗಿದ್ದ ಅಪೋಸ್ತೋಲೋ ಜೇನೋ. ಎರಡನೆಯವನು ೧೭೩೦ರಲ್ಲಿ ಅವನ ಸ್ಥಾನಕ್ಕೆ ಬಂದು ೧೭೮೨ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಯೇ ಇದ್ದ ಪಿಯೆತ್ರೋ ಮೆಟಾಸ್ಟಾಸಿಯೋ. ಮೆಟಾಸ್ಟಾಸಿಯೋವಿನ ಭಾಷೆಯ ಮಾಧುರ್ಯವೂ ಛಂದಸ್ಸಿನ ಸೊಗಸೂ ಯುರೋಪಿಗೆಲ್ಲ ಮಾದರಿಯಾದುವು. ಅವನ ೨೭ ಗೇಯನಾಟಕಗಳನ್ನು ಬೇರೆಬೇರೆ ಸ್ವರಸಂಯೋಜಕರು ನೂರಾರು ಸಲ ಸಂಗೀತಕ್ಕೆ ಅಳವಡಿಸಿದರು. ಒಂದೇ ನಾಟಕಕ್ಕೆ ಹತ್ತಾರು ಸಂಗೀತಗಳಿರುವುದು ಆ ಕಾಲದಲ್ಲಿ ವಿಚಿತ್ರವೆನಿಸುತ್ತಿರಲಿಲ್ಲ.

ಈ ನಾಟಕಗಳ ಅಂಗಗಳು ಎರಡು. ಕಥೆಯನ್ನು ಮುಂದಕ್ಕೊಯ್ಯುವ ಸಂಭಾಷಣೆಯನ್ನು ಮಾತಿನ ಓಟಕ್ಕೆ ಸಮೀಪವಾದ ಸರಳ ಧಾಟಿಯಲ್ಲಿ, ತಂತೀವಾದ್ಯದ ಅಲ್ಪ ಶ್ರುತಿಯೊಡನೆ, ಹೇಳಿ ಮುಗಿಸುತ್ತಿದ್ದರು, ಇದು ರೆಚಿತತೀವೋ. ದೃಶ್ಯದ ಕೊನೆಗೆ ಒಂದು ಪಾತ್ರವು ತನ್ನ ಭಾವವನ್ನು ಎರಡು ನುಡಿಗಳ ಹಾಡಿನಲ್ಲಿ ಹಾಡಿ ಒಳಗೆ ಹೋಗುತ್ತಿತ್ತು, ಇದು ಆರಿಯಾ. ಎರಡನೆಯ ನುಡಿ ಮುಗಿದ ಮೇಲೆ ಮೊದಲನೆಯ ನುಡಿಯನ್ನು ಮರಳಿ ಆದಿಯಿಂದ ಹಾಡಬೇಕೆಂಬುದು ನಿಯಮ. ಹೀಗೆ ಮರಳಿ ಹಾಡುವಾಗ ಗಾಯಕನು ತನ್ನ ಸಾಮರ್ಥ್ಯಕ್ಕೆ ತಕ್ಕಂತೆ ತಾನಗಳನ್ನೂ ಅಲಂಕಾರಗಳನ್ನೂ ಸೇರಿಸುವನು. ಬಾಲ್ಯದಲ್ಲಿಯೇ ವೃಷಣಚ್ಛೇದನಕ್ಕೆ ಗುರಿಯಾಗಿ ಕಂಠದ ಎಳೆತನವನ್ನು ಉಳಿಸಿಕೊಂಡ ಪುರುಷಗಾಯಕರು ಈ ಕಲೆಯ ಅರಸರಾಗಿದ್ದರು.

ಇದರ ಪರಿಣಾಮವನ್ನು ಊಹಿಸುವುದು ಕಠಿನವಲ್ಲ. ಕಥೆಯು ರೆಚಿತತೀವೋದಲ್ಲಿ ಓಡುವುದು. ಆರಿಯಾ ಬಂದೊಡನೆ ನಿಲ್ಲುವುದು. ಪ್ರೇಕ್ಷಕರು ಕಥೆಯ ಹೊತ್ತಿನಲ್ಲಿ ಮಾತಾಡಿಕೊಂಡಿದ್ದು ಹಾಡಿನ ಹೊತ್ತಿಗೆ ಕಿವಿಗೊಡುವರು. ಹಾಡು ಸಂದರ್ಭಕ್ಕೆ ಬಿಗಿಯಾಗಿ ಅಂಟಿಕೊಳ್ಳದೆ, ಬಿರುಗಾಳಿಗೆ ಸಿಕ್ಕಿದ ಹಡಗಿನಂತೆ ತನ್ನ ಮನಸ್ಸಾಯಿತೆಂಬ ಸಾಮಾನ್ಯ ಉಪಮೆಯಲ್ಲಿ ನಿಂತರೆ, ಅದನ್ನು ಯಾವ ನಾಟಕದಲ್ಲಾದರೂ ಹಾಡಬಹುದು. ಪ್ರಸಿದ್ಧ ಗಾಯಕರು ತಮಗೆ ಒಗ್ಗಿದ ಆರಿಯಾಗಳನ್ನು ಊರಿಂದೂರಿಗೆ ಒಯ್ದು, ನಾಟಕ ಯಾವುದೇ ಇರಲಿ, ಅದರೊಳಗೆ ಸೇರಿಸುತ್ತಿದ್ದುದುಂಟು. ೧೭೨೦ರಷ್ಟು ಹಿಂದೆಯೇ ವೆನಿಸಿನ ಬೆನೆದೆತ್ತೋ ಮಾರ್ಚೆಲ್ಲೋ ಈ ರೀತಿಯನ್ನು ಒಂದು ವಿಡಂಬನಗ್ರಂಥದಲ್ಲಿ ಹಾಸ್ಯ ಮಾಡಿದನು. ೧೭೫೫ರಲ್ಲಿ ಫ್ರಾಂಚೆಸ್ಕೋ ಆಲ್ಗರೋತ್ತಿ ಎಂಬ ವಿದ್ವಾಂಸನು ಆಪೆರಾ ಕುರಿತ ತನ್ನ ಪ್ರಬಂಧದಲ್ಲಿ ಕವಿತೆಯೇ ಉಳಿದ ಅಂಗಗಳಿಗೆ ಆಧಾರವಾಗಬೇಕೆಂದು ವಾದಿಸಿದನು. ದೋಷವನ್ನು ತೋರಿದವರು ಹೀಗೆ ಇದ್ದರು. ದೋಷವಿಲ್ಲದ ಕೃತಿ ಇನ್ನೂ ಬರಬೇಕಾಗಿತ್ತು.

೩

ಕಾಲ್ಸಬೀಜಿ ೧೭೧೪ರಲ್ಲಿ ಇತಾಲಿಯ ಲಿವೋರ್ನೋ ರೇವುಪಟ್ಟಣದಲ್ಲಿ ಜನಿಸಿದನು. ಗ್ಲುಕ್ ಹುಟ್ಟಿದುದೂ ಅದೇ ವರ್ಷ. ಕಾಲ್ಸಬೀಜಿಯ ಜೀವನವು ಶುದ್ಧ ಪಂಡಿತನ ಜೀವನವಲ್ಲ. ಪ್ಯಾರಿಸಿನಲ್ಲಿದ್ದಾಗ ಅವನು ಪ್ರಸಿದ್ಧ ಸಾಹಸಿ ಕಾಸನೋವಾನೊಡನೆ ಸೇರಿ ಸರಕಾರಿ ಲಾಟರಿಯ ಯೋಜನೆಯಲ್ಲಿ ಕೈಹಾಕಿದ್ದನು. ೧೭೫೫ರಲ್ಲಿ ಅದೇ ನಗರದಲ್ಲಿ ಅವನು ಮೆಟಾಸ್ಟಾಸಿಯೋವಿನ ಕೃತಿಗಳನ್ನು ಸಂಪಾದಿಸಿ, ಅವುಗಳಿಗೆ ದೀರ್ಘವಾದ ಪ್ರಸ್ತಾವನೆಯೊಂದನ್ನು ಬರೆದು, ಆ ಕವಿಯನ್ನು ಬಹುವಾಗಿ ಪ್ರಶಂಸಿಸಿದನು. ಮುಂದೆ ಮೆಟಾಸ್ಟಾಸಿಯೋವಿನ ಮಾರ್ಗವನ್ನು ಮುರಿದವನು ಅವನನ್ನು ಸಂಪಾದಕನ ದೃಷ್ಟಿಯಿಂದ ಸಾಲುಸಾಲಾಗಿ ಓದಿದವನೇ ಎಂಬುದು ಗಮನಾರ್ಹ. ಫ್ರಾನ್ಸಿನಲ್ಲಿ ಅವನು ಕಂಡ ಆಪೆರಾದಲ್ಲಿ ಸಮೂಹಗಾನಕ್ಕೂ ನೃತ್ಯಕ್ಕೂ ಇತಾಲಿಯಲ್ಲಿ ಇಲ್ಲದ ಪ್ರಾಧಾನ್ಯವಿತ್ತು. ಆ ಅನುಭವವೂ ಅವನಿಗೆ ಉಪಯೋಗಕ್ಕೆ ಬಂದಿತು.

೧೭೬೧ರಲ್ಲಿ ಅವನು ವಿಯೆನ್ನಾಕ್ಕೆ ಬಂದನು. ಅಲ್ಲಿಯ ರಾಜಕೀಯ ನಾಟ್ಯಶಾಲೆಗಳ ನಿರ್ದೇಶಕನಾದ ಕೌಂಟ್ ದುರಾತ್ಸೋ ಹೊಸತನ್ನು ಬಯಸುವ ಮನುಷ್ಯನಾಗಿದ್ದನು. ನೃತ್ಯಕಾರನಾದ ಆಂಜಿಯೋಲೀನಿ ನೃತ್ಯವು ಕಥೆಯನ್ನು ಹೇಳಬೇಕೆಂದು ಪ್ರಯತ್ನಿಸುತ್ತಿದ್ದನು. ಗ್ಲುಕ್ ಅವನೊಡನೆ ಅದೇ ವರ್ಷ ‘ಡಾನ್ ಜುವಾನ್’ ನೃತ್ಯನಾಟಕವನ್ನು ರಚಿಸಿದನು. ಈ ಕೂಟಕ್ಕೆ ಕವಿಯೊಬ್ಬನು ಬೇಕಾಗಿದ್ದನು. ಕಾಲ್ಸಬೀಜಿ ಬರೆದ ‘ಓರ್ಫೇಯೋ ಮತ್ತು ಎಉರಿದೀಚೆ’ ಗೇಯನಾಟಕವು ಗ್ಲುಕ್ಕನ ಸಂಗೀತದೊಡನೆ ೧೭೬೨ನೆಯ ಅಕ್ಟೋಬರ್ ೫ರಂದು ವಿಯೆನ್ನಾದ ಬುರ್ಗ್ ನಾಟ್ಯಶಾಲೆಯಲ್ಲಿ ಪ್ರಯೋಗಗೊಂಡಿತು.

ಕಥೆ ಗ್ರೀಕ್ ಪುರಾಣದ್ದು. ಸತ್ತ ಹೆಂಡತಿಯನ್ನು ತರುವುದಕ್ಕೆ ಗಾಯಕನಾದ ಓರ್ಫೇಯನು ಪಾತಾಳಕ್ಕೆ ಇಳಿಯುವನು. ನಮ್ಮ ಸಾವಿತ್ರಿಯು ಯಮನನ್ನು ಮಾತಿನಿಂದ ಗೆದ್ದಂತೆ ಅವನು ಮೃತ್ಯುಲೋಕವನ್ನು ಹಾಡಿನಿಂದ ಗೆಲ್ಲುವನು; ಆದರೆ ಹಿಂದಿರುಗಿ ಬರುವಾಗ ಅವಳ ಮುಖವನ್ನು ನೋಡಬಾರದೆಂಬ ನಿಯಮವನ್ನು ಮುರಿದು ಅವಳನ್ನು ಮತ್ತೆ ಕಳೆದುಕೊಳ್ಳುವನು. ಕಾಲ್ಸಬೀಜಿ ಈ ಕಥೆಯನ್ನು ಕಟ್ಟಿದ ಬಗೆಯಲ್ಲಿಯೇ ಸುಧಾರಣೆಯೆಲ್ಲ ಅಡಗಿದೆ. ಮೆಟಾಸ್ಟಾಸಿಯೋವಿನ ನಾಟಕದಲ್ಲಿ ಸಾಮಾನ್ಯವಾಗಿ ಆರೇಳು ಪಾತ್ರಗಳೂ ಒಂದರೊಳಗೊಂದು ತೊಡಕಿಕೊಂಡ ಪ್ರೇಮಕಥೆಗಳೂ ಇರುವುವು. ಇಲ್ಲಿ ಓರ್ಫೇಯ, ಎಉರಿದೀಚೆ, ಪ್ರೇಮದೇವತೆ ಎಂಬ ಮೂರೇ ಪಾತ್ರಗಳು. ಅಲ್ಲಿ ಕಥೆಯ ಹಿನ್ನೆಲೆಯನ್ನು ವಿವರಿಸುವುದರಲ್ಲಿ ಮೊದಲ ದೃಶ್ಯ ಕಳೆಯುವುದು; ಇಲ್ಲಿ ತೆರೆ ಎದ್ದೊಡನೆ ಸಮಾಧಿಯ ಮುಂದೆ ಶೋಕಿಸುವ ಸಮೂಹ ಕಾಣಿಸುವುದು, ನಾಯಕನ ಬಾಯಿಂದ ಸತ್ತವಳ ಹೆಸರೊಂದೇ ಹೊರಡುವುದು. ಪಾತಾಳದ ದ್ವಾರದಲ್ಲಿ ಉಗ್ರದೇವತೆಗಳ ಸಮೂಹವು ಅವನ ಬೇಡಿಕೆಯನ್ನು ನಿರಾಕರಣೆಯ ಒಂದೇ ಶಬ್ದದಿಂದ ಮತ್ತೆಮತ್ತೆ ತಡೆಯುವುದು. ಅವನ ಹಾಡು ಮುಂದುವರಿದಂತೆ ಆ ನಿರಾಕರಣೆ ಮೆತ್ತಗಾಗುವುದು. ಇಲ್ಲಿ ಹಾಡು ಕಥೆಯನ್ನು ನಿಲ್ಲಿಸುವುದಿಲ್ಲ, ಹಾಡೇ ಕಥೆ. ಅದನ್ನು ತೆಗೆದರೆ ಓರ್ಫೇಯನು ಪಾತಾಳವನ್ನು ಪ್ರವೇಶಿಸುವುದೇ ಸಾಧ್ಯವಿಲ್ಲ.

ಕವಿಯು ಹೀಗೆ ಕಟ್ಟಿಕೊಟ್ಟ ಮೇಲೆ ಸಂಗೀತವೂ ಬದಲಾಗಲೇಬೇಕಾಯಿತು. ರೆಚಿತತೀವೋಗಳಿಗೆಲ್ಲ ಪೂರ್ಣ ವಾದ್ಯವೃಂದದ ಬೆಂಬಲ ಬಂದುದರಿಂದ ಮಾತಿಗೂ ಹಾಡಿಗೂ ನಡುವೆ ಇದ್ದ ಕಂದರ ಮುಚ್ಚಿತು. ಎರಡು ನುಡಿಗಳ ಪುನರಾವೃತ್ತಿಯ ಆರಿಯಾ ಹೋಗಿ, ಸಂದರ್ಭಕ್ಕೆ ತಕ್ಕ ಚಿಕ್ಕ ಗೀತಗಳು ಬಂದುವು. ಓರ್ಫೇಯನ ಪಾತ್ರವನ್ನು ವಹಿಸಿದ ಗಾಯತಾನೋ ಗ್ವಾದಾಞಿ ಲಂಡನ್ನಿನಲ್ಲಿದ್ದಾಗ ಮಹಾನಟನಾದ ಗ್ಯಾರಿಕನಿಂದ ಅಭಿನಯವನ್ನು ಕಲಿತವನಾಗಿದ್ದುದರಿಂದ ಕವಿಯ ಉದ್ದೇಶಕ್ಕೆ ತಕ್ಕ ನಟನೂ ದೊರಕಿದನು. ಆದರೂ ಸುಧಾರಣೆ ಸಂಪೂರ್ಣವೆನ್ನುವಂತಿಲ್ಲ: ಉತ್ಸವದ ಸಂದರ್ಭಕ್ಕೆ ದುರಂತವು ಒಪ್ಪದೆಂದು ಪ್ರೇಮದೇವತೆಯು ಬಂದು ಎಉರಿದೀಚೆಯನ್ನು ಬದುಕಿಸುವಂತೆ ಕವಿಯು ಕಥೆಯನ್ನು ಮುಗಿಸಿದನು. ಆಸ್ಥಾನದ ಕಟ್ಟಳೆಗೆ ಅವನೂ ತಲೆಬಾಗಿದ್ದಾನೆ.

೪

೧೭೬೭ನೆಯ ಡಿಸೆಂಬರ್ ೨೬ರಂದು ಇವರಿಬ್ಬರ ಎರಡನೆಯ ಕೃತಿ ‘ಆಲ್ಚೆಸ್ತೆ’ಯೂ, ೧೭೭೦ರಲ್ಲಿ ಮೂರನೆಯದಾದ ‘ಪಾರಿದೆ ಮತ್ತು ಎಲೆನಾ’ವೂ ರಂಗಕ್ಕೆ ಬಂದುವು. ೧೭೬೯ರಲ್ಲಿ ‘ಆಲ್ಚೆಸ್ತೆ’ಯ ಸ್ವರಲಿಪಿ ಅಚ್ಚಾದಾಗ ಅದಕ್ಕೆ ಸೇರಿಸಿದ ಪೀಠಿಕೆಯು ಆಪೆರಾ ಸುಧಾರಣೆಯ ಶಾಸನದಂತಿದೆ. ಸಂಗೀತದ ನಿಜವಾದ ಕೆಲಸ ಕಾವ್ಯದ ಭಾವಕ್ಕೂ ಕಥೆಯ ಸನ್ನಿವೇಶಕ್ಕೂ ಸಹಾಯಕವಾಗುವುದು. ಗಾಯಕನ ಪ್ರದರ್ಶನಕ್ಕಾಗಿ ಮಾತಿನ ನಡುವೆ ತಡೆದು ನಿಲ್ಲಬಾರದು. ಪ್ರಾರಂಭದ ವಾದ್ಯಸಂಗೀತವು ಮುಂದಿನ ಕಥೆಯ ಸ್ವರೂಪವನ್ನು ಸೂಚಿಸಬೇಕು. ಸರಳತೆಯೇ ಸೌಂದರ್ಯ ಎಂಬುದು ಅದರ ಸಾರ. ಈ ಪೀಠಿಕೆಯ ಕೆಳಗೆ ಇರುವ ಹೆಸರು ಗ್ಲುಕ್ಕನದು. ಅದನ್ನು ಬರೆದವನು ಬಹುಮಟ್ಟಿಗೆ ಕಾಲ್ಸಬೀಜಿಯೇ ಎಂಬುದು ವಿದ್ವಾಂಸರಲ್ಲಿ ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. ಮಾತಿಗೆ ಪ್ರಾಧಾನ್ಯವನ್ನು ಬೇಡಿದ ಮಾತುಗಳೇ ಸ್ವರಸಂಯೋಜಕನ ಹೆಸರಿನಲ್ಲಿ ಪ್ರಸಿದ್ಧವಾದುವು.

ಗ್ಲುಕ್ ಕೃತಘ್ನನಾಗಿರಲಿಲ್ಲ. ೧೭೭೩ರಲ್ಲಿ ಪ್ಯಾರಿಸಿನ ‘ಮೆರ್ಕ್ಯೂರ್ ದ ಫ್ರಾನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಪತ್ರದಲ್ಲಿ, ಇತಾಲಿಯ ಆಪೆರಾದ ಹೊಸ ರೀತಿಯನ್ನು ಕಂಡುಹಿಡಿದ ಕೀರ್ತಿ ತನಗೊಬ್ಬನಿಗೇ ಸಲ್ಲುವುದು ತಪ್ಪೆಂದೂ, ಅದರ ಮುಖ್ಯವಾದ ಭಾಗ ಕಾಲ್ಸಬೀಜಿಯದೆಂದೂ ಅವನು ಒಪ್ಪಿಕೊಂಡಿದ್ದಾನೆ. ಹನ್ನೊಂದು ವರ್ಷಗಳ ತರುವಾಯ, ೧೭೮೪ರಲ್ಲಿ, ಅದೇ ಪತ್ರಿಕೆಯಲ್ಲಿ ಕಾಲ್ಸಬೀಜಿಯ ಪತ್ರವೂ ಪ್ರಕಟವಾಯಿತು. ಅವನ ಗೇಯನಾಟಕವೊಂದರ ಕಥೆಯನ್ನು ಆಧರಿಸಿದ ಫ್ರೆಂಚ್ ರೂಪವು, ಸಾಲಿಯೇರಿಯ ಸಂಗೀತದೊಡನೆ, ‘ದನಾಯಿದರು’ ಎಂಬ ಹೆಸರಿನಿಂದ ಆ ವರ್ಷ ಪ್ಯಾರಿಸಿನಲ್ಲಿ ಪ್ರಯೋಗವಾದಾಗ ಮೂಲಕವಿಯ ಹೆಸರನ್ನು ಹೇಳಿರಲಿಲ್ಲ. ಅದೇ ಈ ಪತ್ರಕ್ಕೆ ನಿಮಿತ್ತ. ಅದರಲ್ಲಿ ಅವನು ‘ಓರ್ಫೇಯೋ’ ರಚನೆಯ ವೃತ್ತಾಂತವನ್ನು ಹೇಳುತ್ತಾನೆ: ತಾನು ಪದ್ಯಗಳನ್ನು ಗ್ಲುಕ್ಕನಿಗೆ ಅನೇಕ ಸಲ ಓದಿ ತೋರಿಸಿದುದು, ಎಲ್ಲಿ ಧ್ವನಿ ಏರಬೇಕು, ಎಲ್ಲಿ ಇಳಿಯಬೇಕು, ಎಲ್ಲಿ ವೇಗ, ಎಲ್ಲಿ ವಿಳಂಬ ಎಂಬುದನ್ನು ಹಸ್ತಪ್ರತಿಯಲ್ಲಿ ಗುರುತು ಹಾಕಿ ಕೊಟ್ಟುದು, ಗಾಯಕರ ತಾನಗಳನ್ನು ಬಿಡಬೇಕೆಂದು ಕೇಳಿಕೊಂಡುದು.

ಸ್ವಪಕ್ಷಸಾಧನೆಗಾಗಿ ಬರೆದ ಈ ಪತ್ರವನ್ನು ಪೂರ್ತಿಯಾಗಿ ನಂಬಬೇಕಾಗಿಲ್ಲ. ಪತ್ರಗಳಿಗಿಂತ ಬಲವಾದ ಸಾಕ್ಷ್ಯವು ಕೃತಿಗಳಲ್ಲಿಯೇ ಇದೆ. ಗ್ಲುಕ್ ‘ಓರ್ಫೇಯೋ’ಕ್ಕೆ ಮುಂಚೆ ಇಪ್ಪತ್ತು ವರ್ಷಗಳ ಕಾಲ ಹಳೆಯ ಮಾರ್ಗದಲ್ಲಿಯೇ ಆಪೆರಾ ರಚಿಸಿದ್ದನು. ಅಷ್ಟೇ ಅಲ್ಲ; ‘ಓರ್ಫೇಯೋ’ ಆದ ಮರುವರ್ಷ, ೧೭೬೩ರಲ್ಲಿ, ಬೊಲೋಞಾ ನಗರದಲ್ಲಿ ಮೆಟಾಸ್ಟಾಸಿಯೋವಿನ ‘ಕ್ಲೇಲಿಯಾ ವಿಜಯ’ವನ್ನು ಸಂಗೀತಕ್ಕೆ ಅಳವಡಿಸಿದಾಗ ಅವನು ಮತ್ತೆ ಆರಿಯಾಗಳ ಹಳೆಯ ಸರಣಿಗೇ ಹಿಂದಿರುಗಿದನು. ಸ್ವರಸಂಯೋಜಕನು ಅವನೇ, ಶಕ್ತಿಯೂ ಅದೇ. ಕವಿ ಬದಲಾದೊಡನೆ ನಾಟಕದ ಜಾತಿಯೇ ಬದಲಾಯಿತು. ಸುಧಾರಣೆಯ ಬೀಜವು ಸಾಹಿತ್ಯದ ಕಟ್ಟಡದಲ್ಲಿತ್ತೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಡ.

ಆದರೆ ಇದಕ್ಕೆ ಪ್ರತಿಪಕ್ಷವೂ ಉಂಟು. ಕಾಲ್ಸಬೀಜಿಯಿಂದ ಬೇರೆಯಾದ ಮೇಲೆ ಗ್ಲುಕ್ ಪ್ಯಾರಿಸಿನಲ್ಲಿ ಬೇರೆ ಕವಿಗಳೊಡನೆ ೧೭೭೪ರಲ್ಲಿಯೂ ೧೭೭೯ರಲ್ಲಿಯೂ ಇಫಿಗೇನಿಯಾಳ ಕಥೆಯ ಎರಡು ಮಹಾಕೃತಿಗಳನ್ನು ರಚಿಸಿದನು. ಕಾಲ್ಸಬೀಜಿಯಾದರೋ ಮುದಿವಯಸ್ಸಿನಲ್ಲಿ ನೇಪಲ್ಸ್ ನಗರದಲ್ಲಿ ಪಾಯಿಸಿಯೆಲ್ಲೋ ಎಂಬ ಸ್ವರಸಂಯೋಜಕನಿಗಾಗಿ ಎರಡು ನಾಟಕಗಳನ್ನು ಬರೆದರೂ ಅವು ಅಂತಹ ಕ್ರಾಂತಿಯನ್ನು ಮಾಡಲಿಲ್ಲ. ೧೭೯೫ರಲ್ಲಿ ಅವನು ಅಲ್ಲಿಯೇ ತೀರಿಕೊಂಡನು. ಆದುದರಿಂದ ನ್ಯಾಯವಾದ ತೀರ್ಮಾನವಿಷ್ಟು: ಹೊಸ ರೂಪವನ್ನು ಕಲ್ಪಿಸಿದವನು ಕವಿ, ಅದಕ್ಕೆ ಪ್ರಾಣವನ್ನು ಕೊಟ್ಟವನು ಸ್ವರಸಂಯೋಜಕ, ಒಮ್ಮೆ ಕಲಿತ ಮೇಲೆ ಎರಡನೆಯವನು ಮೊದಲನೆಯವನಿಲ್ಲದೆ ನಡೆಯಬಲ್ಲವನಾದನು.

೫

ಈ ಅಳತೆಗೋಲನ್ನು ಹಿಡಿದು ಗದಗಿಗೆ ಮರಳಬಹುದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮುಂಬಯಿ ಆಧಿಪತ್ಯಕ್ಕೆ ಸೇರಿದ ಕನ್ನಡ ಜಿಲ್ಲೆಗಳಲ್ಲಿ ಶಿಷ್ಟ ವ್ಯವಹಾರದ ಭಾಷೆ ಮರಾಠಿಯಾಗಿತ್ತು. ಡೆಪ್ಯುಟಿ ಚನ್ನಬಸಪ್ಪನವರಂತಹ ಶಿಕ್ಷಣಾಧಿಕಾರಿಗಳು ಕನ್ನಡ ಶಾಲೆಗಳಿಗಾಗಿ ಶ್ರಮಿಸುತ್ತಿದ್ದ ಕಾಲವದು. ರಂಗಭೂಮಿಯ ಸ್ಥಿತಿಯೂ ಹಾಗೆಯೇ ಇತ್ತು: ಸಾಂಗ್ಲಿ ಮೊದಲಾದ ಕಡೆಗಳಿಂದ ಬರುವ ಮರಾಠಿ ಮಂಡಳಿಗಳ ಆಟಗಳಿಗೆ ಕನ್ನಡ ಪಟ್ಟಣಗಳ ಜನರು ಮುಗಿಬೀಳುತ್ತಿದ್ದರು.

ಇದರಲ್ಲಿ ಒಂದು ವಿಧಿವಿಲಾಸವಿದೆ. ಮರಾಠಿ ರಂಗಭೂಮಿಯ ಆದ್ಯನೆನಿಸಿದ ವಿಷ್ಣುದಾಸ ಭಾವೆ ೧೮೪೩ರಲ್ಲಿ ಸಾಂಗ್ಲಿಯಲ್ಲಿ ‘ಸೀತಾಸ್ವಯಂವರ’ವನ್ನು ಆಡಿಸಿದುದಕ್ಕೆ ಸ್ಫೂರ್ತಿಯನ್ನು ಕೊಟ್ಟುದು ಉತ್ತರ ಕನ್ನಡದ ಕರ್ಕಿಯಿಂದ ಹೋದ ಯಕ್ಷಗಾನ ಮೇಳ. ಭಾವೆಯವರ ಆಟದಲ್ಲಿ ಪದಗಳನ್ನು ಸೂತ್ರಧಾರನು ಹಾಡುವನು. ನಟರು ಆ ಪದದ ಅರ್ಥವನ್ನು ಆಶುವಾಗಿ ಮಾತಿನಲ್ಲಿ ಹೇಳುವರು. ಭಾಗವತನೂ ಅರ್ಥಧಾರಿಗಳೂ ಇರುವ ಯಕ್ಷಗಾನದ ಕ್ರಮಕ್ಕೂ ಇದಕ್ಕೂ ಇರುವ ನಂಟು ಸ್ಪಷ್ಟ. ಕನ್ನಡದಿಂದ ಹೋದ ಕಲೆ ಮರಾಠಿಯ ಉಡುಪನ್ನು ತೊಟ್ಟು ಕನ್ನಡಿಗರಿಗೆ ಹೊಸದಾಗಿ ಕಾಣಿಸಿತು. ಇಂತಹ ಕ್ರಮದಲ್ಲಿ ಕವಿಯ ಕೆಲಸವು ಪದಗಳನ್ನು ಒದಗಿಸುವುದರಲ್ಲಿ ಮುಗಿಯುವುದು. ಉಳಿದ ನಾಟಕವು ಸೂತ್ರಧಾರನ ಕಂಠದಲ್ಲಿಯೂ ನಟನ ನಾಲಿಗೆಯಲ್ಲಿಯೂ ಇರುವುದು. ಕರಾವಳಿಯ ಪ್ರಸಂಗಸಾಹಿತ್ಯದಲ್ಲಿ ಕುಂಬಳೆಯ ಪಾರ್ತಿಸುಬ್ಬನಂತಹ ಕವಿಯ ಕರ್ತೃತ್ವವೇ ವಿದ್ವಾಂಸರ ದೀರ್ಘ ವಿವಾದಕ್ಕೆ ಗುರಿಯಾದುದನ್ನು ಇಲ್ಲಿ ನೆನೆಯಬಹುದು.

ಸಕ್ಕರಿ ಬಾಳಾಚಾರ್ಯರು ೧೮೫೬ರಲ್ಲಿ ಹಿರೇಕೆರೂರು ಸೀಮೆಯ ಸಾತೇನಹಳ್ಳಿಯಲ್ಲಿ ಜನಿಸಿದರು. ಆ ಊರ ದೇವರಾದ ಶಾಂತೇಶನ ಹೆಸರಿನಿಂದಲೇ ಅವರು ಶಾಂತಕವಿಗಳಾದರು. ವೃತ್ತಿಯಿಂದ ಅವರು ಕನ್ನಡ ಶಾಲೆಯ ಶಿಕ್ಷಕರು. ೧೮೭೦ರ ದಶಕದಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನ ತರುಣರಾಗಿದ್ದಾಗ, ಅವರು ಗದಗಿನಲ್ಲಿ ವೀರನಾರಾಯಣನ ಪ್ರಸಾದದಿಂದ ನಡೆಯುವುದೆಂಬ ಭಾವನೆಯಿಂದ ಕೃತಪುರ ನಾಟಕ ಮಂಡಳಿಯನ್ನು ನಿಲ್ಲಿಸಿ ಅದಕ್ಕಾಗಿ ನಾಟಕಗಳನ್ನು ಬರೆದರು. ಕೃತಪುರವೆಂದರೆ ಗದಗೇ. ಕುಮಾರವ್ಯಾಸನು ಭಾರತವನ್ನು ರಚಿಸಿದನೆಂದು ಪರಂಪರೆಯು ಹೇಳುವ ದೇವಾಲಯದ ಹೆಸರನ್ನು ಮಂಡಳಿಗೆ ಸೇರಿಸಿದುದು, ಈ ಆಟವೂ ಕನ್ನಡ ಕಾವ್ಯದ ಮನೆತನಕ್ಕೆ ಸೇರಿದುದೆಂದು ಸಾರಿದಂತಾಯಿತು.

ಅವರ ‘ಉಷಾಹರಣ’ವು ಉತ್ತರ ಕರ್ನಾಟಕದ ವೃತ್ತಿರಂಗಭೂಮಿಯ ಆದಿಕೃತಿಗಳಲ್ಲೊಂದು. ಶೋಣಿತಪುರದ ಬಾಣನ ಮಗಳು ಕನಸಿನಲ್ಲಿ ಅನಿರುದ್ಧನನ್ನು ಕಂಡು ಮೋಹಿಸುವುದು, ಸಖಿ ಚಿತ್ರಲೇಖೆಯು ಚಿತ್ರದಿಂದ ಅವನನ್ನು ಗುರುತಿಸಿ ಕರೆತರುವುದು, ಬಾಣನು ಅವನನ್ನು ಬಂಧಿಸುವುದು, ಕೃಷ್ಣನೊಡನೆ ಯುದ್ಧ, ಕೊನೆಗೆ ವಿವಾಹ: ಇದು ಜನರಿಗೆ ಮೊದಲೇ ಗೊತ್ತಿದ್ದ ಕಥೆ. ಕಾಲ್ಸಬೀಜಿಯೂ ಹೊಸ ಕಥೆಯನ್ನು ಹುಡುಕಲಿಲ್ಲವೆಂಬುದನ್ನು ಗಮನಿಸಬೇಕು. ಕಥೆ ತಿಳಿದಿರುವಲ್ಲಿ ಪ್ರೇಕ್ಷಕನ ಲಕ್ಷ್ಯವು ಮುಂದೇನಾಗುವುದೆಂಬುದಕ್ಕಿಂತ, ಯಾವ ಮಾತಿನಲ್ಲಿ ಆಗುವುದೆಂಬುದರ ಮೇಲೆ ನಿಲ್ಲುವುದು. ಗದಗಿನ ಪ್ರೇಕ್ಷಕನಿಗೆ ಆ ಮಾತು ಕನ್ನಡದ ಮಾತಾಗಿತ್ತೆಂಬುದೇ ಶಾಂತಕವಿಗ್ರಂಥಗಳ ಮೊದಲ ಸುಧಾರಣೆ.

೬

ಇಬ್ಬರ ಕಾರ್ಯವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಮ್ಯದಷ್ಟೇ ಭೇದವೂ ಬೋಧಪ್ರದವಾಗಿದೆ. ವಿಯೆನ್ನಾದಲ್ಲಿ ಮಾತನ್ನು ನುಂಗಿದುದು ಸಂಗೀತ. ಗದಗಿನಲ್ಲಿ ಮಾತನ್ನು ಹೊರಗಿಟ್ಟುದು ಪರಭಾಷೆ. ಕಾಲ್ಸಬೀಜಿಯ ಕೆಲಸ ಕಡಿಯುವುದು: ಉಪಕಥೆಗಳನ್ನೂ ಉಪಮೆಗಳನ್ನೂ ತಾನಗಳನ್ನೂ ತೆಗೆದುಹಾಕಿ ಅವನು ನಾಟಕವನ್ನು ಬರಿದುಗೊಳಿಸಿದನು. ಶಾಂತಕವಿಗಳ ಕೆಲಸ ಕಟ್ಟುವುದು: ಇಲ್ಲದ ಕನ್ನಡ ನಾಟಕಗಳನ್ನು ಒಂದರ ಮೇಲೊಂದು ಬರೆದು ಅವರು ರಂಗವನ್ನು ತುಂಬಿದರು. ಆದರೆ ಎರಡೂ ಕಡೆಗಳಲ್ಲಿ ಬದಲಾವಣೆಯು ಗಾಯಕನಿಂದಾಗಲಿ ಮಂಡಳಿಯ ಯಜಮಾನನಿಂದಾಗಲಿ ಮೊದಲಾಗದೆ ಬರೆಯುವವನ ಮೇಜಿನಿಂದ ಮೊದಲಾಯಿತು.

ಅತ್ಯಂತ ಮುಖ್ಯವಾದ ಭೇದವು ಹಾಡಿನ ರಚನೆಗೆ ಸಂಬಂಧಿಸಿದ್ದು. ಕಾಲ್ಸಬೀಜಿಯ ಪದ್ಯ ಮೊದಲು ಹುಟ್ಟಿತು. ಅದರ ಉಚ್ಚಾರಣೆಯನ್ನು ಅನುಸರಿಸಿ ಸ್ವರವು ಅನಂತರ ಹುಟ್ಟಿತು. ಕನ್ನಡ ಕಂಪೆನಿ ನಾಟಕಗಳ ಹಳೆಯ ಮುದ್ರಿತ ಪುಸ್ತಕವನ್ನು ತೆರೆದರೆ ಹಾಡಿನ ತಲೆಯ ಮೇಲೆ ಮತ್ತೊಂದು ಹಾಡಿನ ಹೆಸರು ಕಾಣಿಸುವುದುಂಟು; ಅದೇ ಅದರ ಮಟ್ಟು ಅಥವಾ ಧಾಟಿ. ಜನಪ್ರಿಯವಾದ ಮರಾಠಿ ಅಥವಾ ಹಿಂದೂಸ್ತಾನಿ ಧಾಟಿ ಮೊದಲೇ ಸಿದ್ಧವಾಗಿದ್ದು, ಕವಿಯು ಅದರ ಮಾತ್ರೆಗಳಿಗೆ ಸರಿಯಾಗಿ ಕನ್ನಡ ಶಬ್ದಗಳನ್ನು ಕೂಡಿಸಬೇಕಾಗಿತ್ತು. ಇಲ್ಲಿ ಸ್ವರವು ಒಡೆಯ, ಮಾತು ಒಕ್ಕಲು. ಗುರು-ಲಘುಗಳ ಸಹಜ ನಡೆಯನ್ನು ಧಾಟಿಗಾಗಿ ಎಳೆಯಬೇಕಾಗಿ ಬಂದಲ್ಲಿ ಹಾಡಿನ ಕನ್ನಡ ಸೊರಗಿತು. ಕನ್ನಡದ ನಾಟಕಕವಿಗಳಿಗೆ ಗ್ಲುಕ್ಕನಂತಹ ಜೊತೆಗಾರನು ದೊರೆಯದಿದ್ದುದು ಅವರ ದೋಷವಲ್ಲ. ಆದರೆ ಅವರ ಹಾಡುಗಳ ಗುಣದೋಷಗಳನ್ನು ತೂಗುವವರು ಈ ನಿರ್ಬಂಧವನ್ನು ಮರೆಯಬಾರದು.

ಮರಾಠಿಯಲ್ಲಿ ಈ ಪ್ರಶ್ನೆಗೆ ಒಂದು ಬಗೆಯ ಉತ್ತರವನ್ನು ಕೊಟ್ಟವರೂ ಕನ್ನಡ ನೆಲದಲ್ಲಿಯೇ ಹುಟ್ಟಿದವರು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರು ೧೮೮೦ರಲ್ಲಿ ಪುಣೆಯಲ್ಲಿ ಆಡಿಸಿದ ‘ಶಾಕುಂತಲ’ದಲ್ಲಿ ಗದ್ಯವನ್ನೂ ಬರೆದಿಟ್ಟು, ಹಾಡನ್ನು ಸೂತ್ರಧಾರನಿಂದ ಪಾತ್ರಗಳ ಬಾಯಿಗೆ ವರ್ಗಾಯಿಸಿದರು. ಇದರಿಂದ ಕವಿಯ ಅಧಿಕಾರ ಬೆಳೆಯಿತು. ಆದರೆ ನಟಗಾಯಕನ ಕೀರ್ತಿ ಅದಕ್ಕಿಂತಲೂ ವೇಗವಾಗಿ ಬೆಳೆಯಿತು. ಮುಂದಿನ ತಲೆಮಾರಿನಲ್ಲಿ ಒಂದೊಂದು ಪದವನ್ನು ಗಳಿಗೆಗಟ್ಟಲೆ ವಿಸ್ತರಿಸಿ, ಸಭೆಯ ಕೋರಿಕೆಯಂತೆ ಮರಳಿ ಹಾಡಿ, ಕಥೆಯನ್ನು ಕಾಯಿಸುವ ಪದ್ಧತಿ ನೆಲೆಯೂರಿತು. ಕಾಲ್ಸಬೀಜಿ ಯಾವ ರೋಗಕ್ಕೆ ಮದ್ದನ್ನು ಹುಡುಕಿದನೋ ಅದೇ ರೋಗವು ಮತ್ತೊಂದು ದೇಶದಲ್ಲಿ, ಮತ್ತೊಂದು ಸಂಗೀತದಲ್ಲಿ, ತಾನಾಗಿ ಹುಟ್ಟಿತು. ಅದು ಒಂದು ಜನಾಂಗದ ಅಭಿರುಚಿಯ ದೋಷವಲ್ಲ; ಹಾಡನ್ನು ನಾಟಕಕ್ಕೆ ಸೇರಿಸಿದಲ್ಲೆಲ್ಲ ಕಾದಿರುವ ಅಪಾಯ.

ಗದಗಿನಲ್ಲಿಯೇ ತರುವಾಯ ದತ್ತಾತ್ರೇಯ ನಾಟಕ ಮಂಡಳಿಯನ್ನು ನಡೆಸಿದ ಗರುಡ ಸದಾಶಿವರಾಯರು ನಟರೂ ನಾಟಕಕಾರರೂ ಒಬ್ಬರೇ ಆಗಿ ಮಾತಿನ ಶಕ್ತಿಯನ್ನು ರಂಗದ ಮೇಲೆ ಮೆರೆಸಿದರು. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ ಈ ಸೀಮೆಯ ಹಳ್ಳಿಗಳಲ್ಲಿ ಪ್ರಸಿದ್ಧವಾದಾಗ ಕರ್ತೃವಿನ ಹೆಸರೂ ಅದರೊಡನೆ ಉಳಿಯಿತು; ಅದರ ಗದ್ಯಸಂಭಾಷಣೆಗಳನ್ನು ಜನರು ಬಾಯಿಪಾಠ ಮಾಡಿದುದೇ ಇದಕ್ಕೆ ಕಾರಣವೆನ್ನಬಹುದು. ಮಾತು ಮಾತಾಗಿಯೇ ನೆನಪಿನಲ್ಲಿ ನಿಂತಲ್ಲಿ ಮಾತಿನ ಒಡೆಯನೂ ನಿಲ್ಲುವನು. ಮಾತು ಸ್ವರದಲ್ಲಿ ಕರಗಿದಲ್ಲಿ ಅವನೂ ಕರಗುವನು.

ಸಾಹಿತ್ಯವನ್ನು ಕಲಿಸುವವರು ಹಳೆಯ ಗೇಯನಾಟಕಗಳನ್ನು ಶುದ್ಧ ಕಾವ್ಯದ ಮಾನದಿಂದ ಅಳೆದು ಅವು ತೆಳುವೆಂದು ಕೈಬಿಡುವುದು ಸಾಮಾನ್ಯ. ಓದುವ ಪದ್ಯವೂ ಹಾಡಿಸುವ ಪದ್ಯವೂ ಬೇರೆಬೇರೆ ಪ್ರಯೋಜನವುಳ್ಳವು. ಎರಡನೆಯದನ್ನು ಪರೀಕ್ಷಿಸುವ ಪ್ರಶ್ನೆಗಳನ್ನು ಕಾಲ್ಸಬೀಜಿಯ ಉದಾಹರಣೆಯೇ ಒದಗಿಸುತ್ತದೆ. ಈ ಹಾಡನ್ನು ಹಾಡುವವರಾರು, ಕಥೆಯೊಳಗಿನ ಪಾತ್ರವೋ ಹೊರಗಿನ ಸೂತ್ರಧಾರನೋ? ಪದ್ಯವು ಧಾಟಿಗಾಗಿ ಹುಟ್ಟಿತೋ, ಧಾಟಿ ಪದ್ಯಕ್ಕಾಗಿಯೋ? ಹಾಡಿನ ಮೊದಲಿದ್ದ ಸ್ಥಿತಿಗೂ ಮುಗಿದ ಮೇಲಿನ ಸ್ಥಿತಿಗೂ ಭೇದವುಂಟೋ? ಅದನ್ನು ತೆಗೆದುಹಾಕಿದರೆ ಕಥೆ ನಿಲ್ಲುವುದೋ, ಏನೂ ಆಗದಂತೆ ಮುಂದುವರಿಯುವುದೋ? ಈ ಪ್ರಶ್ನೆಗಳಿಂದ ‘ಉಷಾಹರಣ’ದಂತಹ ಕೃತಿಗಳನ್ನು ಓದಿದಲ್ಲಿ ಅವುಗಳ ಕವಿಯು ಕೇವಲ ಪದಗಳನ್ನು ಜೋಡಿಸಿದವನೋ, ನಾಟಕವನ್ನು ಕಟ್ಟಿದವನೋ ಎಂಬುದು ಹಾಡುಹಾಡಿಗೂ ನಿರ್ಣಯವಾಗುವುದು.

ಶಾಂತಕವಿಗಳು ಕಡೆಕಡೆಗೆ ಕೀರ್ತನಕಾರರಾಗಿ ಊರೂರು ತಿರುಗಿ ೧೯೨೦ರಲ್ಲಿ ತೀರಿಕೊಂಡರು. ಕೀರ್ತನದಲ್ಲಿ ಬರೆದವನೂ ಹಾಡುವವನೂ ಅರ್ಥ ಹೇಳುವವನೂ ಒಬ್ಬನೇ ಆಗಬಹುದು. ಅಲ್ಲಿ ಕವಿಯ ಧ್ವನಿ ಮತ್ತೊಬ್ಬರ ಕಂಠವನ್ನು ಕಾಯಬೇಕಾಗಿಲ್ಲ. ನಾಟಕದಲ್ಲಿ ಆ ಭಾಗ್ಯವಿಲ್ಲ. ಅಲ್ಲಿ ಅಂಕಿತವಿಲ್ಲದ ಹಾಡಿಗೆ ಅಂಕಿತವನ್ನು ಹುಡುಕಿಕೊಡುವ ಕೆಲಸವು ವಿದ್ವಾಂಸನ ಪಾಲಿನದು. ಅದು ನಡೆಯದೆ ಹೋದರೆ ಗದಗ, ರೋಣ, ನರಗುಂದ, ಗಜೇಂದ್ರಗಡಗಳ ರಂಗಗೀತಗಳ ಮಟ್ಟು ಮಾತ್ರ ಉಳಿದು, ಅವುಗಳ ಮಾತನ್ನು ಕೊಟ್ಟವರ ಋಣ ತೀರದೆ ಉಳಿಯುವುದು.